ಗ್ರಾಫಿಕ್ಸ್ ಕಾರ್ಡ್ ಇಲ್ಲ, ಗೇಮಿನ ಆಸೆ ಬಿಡಲ್ಲ

ಈ ಸಲದ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ಗೋಳು. ಕಾಲೇಜಿಗೆಂದು ಕೊಡಿಸಿದ ಲ್ಯಾಪ್‌ಟಾಪ್. ಅದರಲ್ಲಿ ಗೇಮಿನ ಚಿತ್ರ ಬಿಡಿಸುವ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲ. ಆಡಬೇಕಿರುವುದು ಮಾತ್ರ ದೊಡ್ಡ ದೊಡ್ಡ ಗೇಮು. ಪರೀಕ್ಷೆ ಮುಗಿದ ಸಮಯ ಅಲ್ವಾ, ಆಶ್ಚರ್ಯವೇನಿಲ್ಲ. ಪ್ರಿಂಟರ್, ವೈಫೈ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಎತ್ತಿಟ್ಟು ಪೂರ್ತಿ ಪುಟ ಇವರಿಗೇ ಕೊಟ್ಟಿದ್ದೇನೆ.

ಮೇಡಂ, ನನ್ನದು ಇಂಟೆಲ್ ಐ5-1135ಜಿ7 ಲ್ಯಾಪ್‌ಟಾಪ್, 8 ಜಿಬಿ ರ‍್ಯಾಮ್. ಜಿಟಿಎ 5 ಆಡುವಾಗ ಕಾರು ಓಡಿಸಿದರೆ ಸಾಕು, ಚಿತ್ರ ತಡೆತಡೆದು ಬರುತ್ತದೆ. ರೆಡ್ ಡೆಡ್ ರಿಡೆಂಪ್ಶನ್ 2 ಆಡುವ ಆಸೆಯೂ ಇದೆ. ಇನ್ನೊಂದು ವಿಚಾರ. ಲ್ಯಾಪ್‌ಟಾಪ್ ಮೇಲೆ ಐರಿಸ್ ಎಕ್ಸ್‌ಇ ಎಂಬ ಸ್ಟಿಕರ್ ಇದೆ, ಆದರೆ ಟಾಸ್ಕ್ ಮ್ಯಾನೇಜರ್‌ನಲ್ಲಿ ಬರೀ ಯುಎಚ್‌ಡಿ ಗ್ರಾಫಿಕ್ಸ್ ಎಂದು ತೋರಿಸುತ್ತದೆ. ಅಂಗಡಿಯವರು ಮೋಸ ಮಾಡಿದರಾ?
*– ಬಿಕಾಂ ವಿದ್ಯಾರ್ಥಿ, ದಾವಣಗೆರೆ*

ಮೋಸ ಅಲ್ಲ. ಆದರೆ ನಿಮಗೆ ಗೊತ್ತಿಲ್ಲದೆಯೇ ರೋಗದ ಮೂಲ ಹಿಡಿದುಬಿಟ್ಟಿದ್ದೀರಿ.

ನಿಮ್ಮ ಚಿಪ್ಪಿನಲ್ಲಿ ಇರುವುದು ಐರಿಸ್ ಎಕ್ಸ್‌ಇ ಗ್ರಾಫಿಕ್ಸೇ. ಆದರೆ ರ‍್ಯಾಮ್ ಎರಡು ಚಾನೆಲ್‌ನಲ್ಲಿ (ಒಟ್ಟಿಗೆ ಎರಡು ದಾರಿಯಲ್ಲಿ) ಕೆಲಸ ಮಾಡುತ್ತಿದ್ದರೆ ಮಾತ್ರ ಇಂಟೆಲ್ ಅದನ್ನು ಆ ಹೆಸರಿನಿಂದ ಕರೆಯುತ್ತದೆ. ಒಂದೇ ಚಾನೆಲ್ ಇದ್ದರೆ ಅದೇ ಚಿಪ್ಪು ಯುಎಚ್‌ಡಿ ಎಂದು ಹೇಳಿಕೊಳ್ಳುತ್ತದೆ. ಅಂದರೆ ಬಹುಶಃ ನಿಮ್ಮಲ್ಲಿ 8 ಜಿಬಿಯ ಒಂದೇ ರ‍್ಯಾಮ್ ಕಡ್ಡಿ ಇದೆ, ಇನ್ನೊಂದು ಸ್ಲಾಟ್ ಖಾಲಿ ಇರಬೇಕು. ಖಚಿತ ಮಾಡಿಕೊಳ್ಳಲು ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ, ಪರ್ಫಾರ್ಮೆನ್ಸ್‌ಗೆ ಹೋಗಿ, ಮೆಮೊರಿ ನೋಡಿ. ಕೆಳಗೆ ‘ಸ್ಲಾಟ್ಸ್ ಯೂಸ್ಡ್’ ಎದುರು 2ರಲ್ಲಿ 1 ಎಂದಿದ್ದರೆ ನನ್ನ ಊಹೆ ಸರಿ.

ಇದು ಯಾಕೆ ಇಷ್ಟು ದೊಡ್ಡ ವಿಷಯ ಅಂದರೆ, ಪ್ರತ್ಯೇಕ ಕಾರ್ಡಿಗೆ ಅದರದ್ದೇ ಮೆಮೊರಿ ಇರುತ್ತದೆ. ನಿಮ್ಮದಕ್ಕೆ ಇಲ್ಲ. ಪ್ರೊಸೆಸರ್ ಬಳಸುವ ರ‍್ಯಾಮನ್ನೇ ಗ್ರಾಫಿಕ್ಸೂ ಬಳಸಬೇಕು. ಬೀದಿಯ ಒಂದೇ ನಲ್ಲಿಗೆ ಎರಡು ಮನೆಯವರು ಕೊಡ ಹಿಡಿದು ನಿಂತ ಹಾಗೆ. ಡಿಡಿಆರ್4-3200 ರ‍್ಯಾಮ್ ಒಂದು ಕಡ್ಡಿ ಇದ್ದಾಗ ಸೆಕೆಂಡಿಗೆ ಹೆಚ್ಚೆಂದರೆ 25.6 ಜಿಬಿ ಸಾಗಿಸುತ್ತದೆ. ಎರಡು ಇದ್ದರೆ 51.2. ಹಳೆಯ ಜಿಟಿಎಕ್ಸ್ 1650 ಕಾರ್ಡಿಗೂ ತನ್ನೊಬ್ಬನಿಗೇ ಅಂತ 128 ಇದೆ. ಈಗ ಹೇಳಿ, ನೀವು ಕಾರು ವೇಗವಾಗಿ ಓಡಿಸಿದಾಗ ಹೊಸ ಹೊಸ ರಸ್ತೆ, ಕಟ್ಟಡಗಳನ್ನು ಆ 25.6ರಲ್ಲಿ ಎಳೆದು ತರುವಷ್ಟರಲ್ಲಿ ಏನಾಗಬೇಕು?

ಹಾಗಾಗಿ ಕೂಲಿಂಗ್ ಪ್ಯಾಡ್, ಬೂಸ್ಟರ್ ಆ್ಯಪ್, ಯೂಟ್ಯೂಬ್ ಸೆಟ್ಟಿಂಗು ಎಲ್ಲ ಪಕ್ಕಕ್ಕಿಡಿ. ಮೊದಲ ಖರ್ಚು ಇನ್ನೊಂದು 8 ಜಿಬಿ ಕಡ್ಡಿಗೆ. ಡಿಡಿಆರ್4, 3200, ಲ್ಯಾಪ್‌ಟಾಪಿನದು ಎಂದು ಕೇಳಿ. ಡೆಸ್ಕ್‌ಟಾಪಿನದು ಉದ್ದ ಇರುತ್ತದೆ, ಕೂರುವುದಿಲ್ಲ. 2025ರ ಕೊನೆಯಿಂದ ರ‍್ಯಾಮ್ ಬೆಲೆ ಸಿಕ್ಕಾಪಟ್ಟೆ ಏರಿದೆ, ಆದ್ದರಿಂದ ಎರಡು ಮೂರು ಕಡೆ ವಿಚಾರಿಸಿ. ಬೆಂಗಳೂರಿನ ಎಸ್‌ಪಿ ರೋಡ್ ಕಡೆ ಹೋಗುವವರು ಇದ್ದರೆ ಸೆಕೆಂಡ್ ಹ್ಯಾಂಡ್ ಕಡ್ಡಿಯೂ ಆದೀತು. ಆದರೆ ವಾಪಸ್ ತೆಗೆದುಕೊಳ್ಳುತ್ತಾರಾ ಕೇಳಿಕೊಂಡು ತನ್ನಿ. ಮನೆಗೆ ತಂದು ಕಡ್ಡಿ ಪರೀಕ್ಷಿಸುವ ಮೆಮ್‌ಟೆಸ್ಟ್86 ಹಾಕಿ ರಾತ್ರಿಯಿಡೀ ಓಡಲು ಬಿಡಿ. ಬೆಳಿಗ್ಗೆ ಒಂದು ಕೆಂಪು ಸಾಲು ಕಂಡರೂ ಕಡ್ಡಿ ವಾಪಸ್.

ಹಾಕುವುದು ಕಷ್ಟವಲ್ಲ. ವಾರಂಟಿ ಇದ್ದರೆ ಮಾತ್ರ ಮೊದಲು ಸರ್ವಿಸ್ ಸೆಂಟರಿಗೆ ಫೋನ್ ಮಾಡಿ ಕೇಳಿ. ಕೆಳಗಿನ ಸ್ಕ್ರೂ ಬಿಚ್ಚುವಾಗ ಯಾವುದು ಎಲ್ಲಿಯದು ಎಂದು ಹಾಳೆ ಮೇಲೆ ಅದೇ ಜಾಗದಲ್ಲಿ ಜೋಡಿಸಿಡಿ, ಉದ್ದ ಬೇರೆ ಬೇರೆ ಇರುತ್ತದೆ. ಮುಚ್ಚಳ ತೆಗೆದ ತಕ್ಷಣ ಮಾಡಬೇಕಾದ ಕೆಲಸ ಬ್ಯಾಟರಿಯ ಕನೆಕ್ಟರ್ ಕೀಳುವುದು. ಕಡ್ಡಿಯ ಕಚ್ಚು ಸ್ಲಾಟಿನ ಕಚ್ಚಿಗೆ ಹೊಂದುವಂತೆ ಹಿಡಿದು, ಓರೆಯಾಗಿ ಪೂರ್ತಿ ಒಳಗೆ ತಳ್ಳಿ. ಹಳದಿ ಪಟ್ಟಿ ಹೆಚ್ಚುಕಡಿಮೆ ಕಾಣದಂತಾಗಬೇಕು. ಆಮೇಲೆ ಮೆಲ್ಲಗೆ ಕೆಳಕ್ಕೆ ಒತ್ತಿ. ಎರಡೂ ಬದಿಯ ಕ್ಲಿಪ್ ಟಕ್ ಎಂದರೆ ಆಯಿತು. ಮೊದಲ ಸಲ ಆನ್ ಮಾಡಿದಾಗ ಪರದೆ ಸ್ವಲ್ಪ ಹೊತ್ತು ಕಪ್ಪಗೇ ಇರಬಹುದು, ಗಾಬರಿಯಾಗಿ ಆಫ್ ಮಾಡಬೇಡಿ. ಆಮೇಲೆ ಟಾಸ್ಕ್ ಮ್ಯಾನೇಜರ್ ತೆರೆದು ನೋಡಿ. ಯುಎಚ್‌ಡಿ ಇದ್ದ ಜಾಗದಲ್ಲಿ ಐರಿಸ್ ಎಕ್ಸ್‌ಇ ಬಂದಿರುತ್ತದೆ.

ಇನ್ನು ಸೆಟ್ಟಿಂಗು. ಎಲ್ಲಕ್ಕಿಂತ ಮೊದಲು ರೆಸಲ್ಯೂಷನ್ ಇಳಿಸಿ. 1080ಪಿ ಅಂದರೆ ಪ್ರತಿ ಚಿತ್ರಕ್ಕೂ ಸುಮಾರು 20 ಲಕ್ಷ ಚುಕ್ಕಿ. 720ಪಿ ಅಂದರೆ 9 ಲಕ್ಷ ಚಿಲ್ಲರೆ. ಕೆಲಸ ಅರ್ಧಕ್ಕಿಂತ ಕಡಿಮೆಯಾಯಿತು. ಜಿಟಿಎ 5ರಲ್ಲಿ ಎಂಎಸ್‌ಎಎ (ಅಂಚು ನಯ ಮಾಡುವ ಆಯ್ಕೆ) ಪೂರ್ತಿ ಆಫ್, ಹುಲ್ಲು ನಾರ್ಮಲ್, ನೆರಳು ನಾರ್ಮಲ್. ಟೆಕ್ಸ್ಚರ್ (ಗೋಡೆ, ರಸ್ತೆಗಳ ಮೇಲ್ಮೈ ಚಿತ್ರ) ಮಾತ್ರ, 16 ಜಿಬಿ ಆದ ಮೇಲೆ, ಹೈ ಇಟ್ಟರೂ ನಡೆಯುತ್ತದೆ. ಒಂದು ಎಚ್ಚರಿಕೆ. 2025ರ ಮಾರ್ಚ್‌ನಲ್ಲಿ ಜಿಟಿಎ 5ಕ್ಕೆ ಎನ್‌ಹ್ಯಾನ್ಸ್‌ಡ್ ಎಂಬ ಹೊಸ ಆವೃತ್ತಿ ಬಂದಿದೆ. ಅದು ನಿಮಗಲ್ಲ. 2015ರದ್ದು ಲೆಗಸಿ ಎಂಬ ಹೆಸರಿನಲ್ಲಿದೆ, ಅದನ್ನು ಇಳಿಸಿಕೊಳ್ಳಿ.

ರೆಡ್ ಡೆಡ್ 2? ಎರಡನೇ ಕಡ್ಡಿ ಹಾಕಿದ ಮೇಲೆ, 720ಪಿ, ಎಲ್ಲ ಲೋ, ಸೆಕೆಂಡಿಗೆ 30 ಫ್ರೇಮಿನ (ಬಿಡಿ ಚಿತ್ರದ) ಆಸುಪಾಸು. ಅದರಲ್ಲಿ ಎಫ್‌ಎಸ್‌ಆರ್ 2 ಸೌಲಭ್ಯವಿದೆ, ಎಎಮ್‌ಡಿ ಕಂಪನಿಯದಾದರೂ ಇಂಟೆಲ್ ಮೇಲೂ ನಡೆಯುತ್ತದೆ. ಚಿತ್ರವನ್ನು ಸಣ್ಣದಾಗಿ ಬರೆದು ಆಮೇಲೆ ದೊಡ್ಡದು ಮಾಡುತ್ತದೆ. 720ಪಿ ಮೇಲೆ ಇದನ್ನು ಹಾಕಿದರೆ ದೂರದ ಮರಗಳು ಸ್ವಲ್ಪ ಕಲಸಿದಂತೆ ಕಾಣುತ್ತವೆ. ಕುದುರೆ ಮೇಲೆ ಕೂತು ನಿಧಾನಕ್ಕೆ ಊರು ಸುತ್ತುವ ಗೇಮು, 30 ಸಾಕು ಎನ್ನುವುದು ನನ್ನ ಅಭಿಪ್ರಾಯ. ನನ್ನ ತಮ್ಮ ಒಪ್ಪುವುದಿಲ್ಲ. ಅವನಿಗೆ 60 ಬೇಕು, ಕಾರ್ಡಿಗೆ ದುಡ್ಡು ಇಲ್ಲ. ಮತ್ತೆ, ಡಿಸ್ಕ್‌ನಲ್ಲಿ 150 ಜಿಬಿ ಖಾಲಿ ಇದೆಯಾ ನೋಡಿಕೊಳ್ಳಿ.

ರೈಜೆನ್ 5 5500ಯು, 16 ಜಿಬಿ (8+8). ಗೇಮ್ ಶುರುವಾದಾಗ ಬೆಣ್ಣೆ ಥರ ಇರುತ್ತದೆ. ಹತ್ತು ಹದಿನೈದು ನಿಮಿಷಕ್ಕೆ ಕುಂಟಲು ಶುರು. ವೈರಸ್ ಇರಬಹುದಾ?
*– ಓದುಗರು, ಶಿರಸಿ*

ಅಲ್ಲ, ಬಿಸಿ. ನಿಮ್ಮ ರ‍್ಯಾಮ್ ಜೋಡಿ ಸರಿಯಾಗಿದೆ, ಅದನ್ನು ಮುಟ್ಟಬೇಡಿ.

5500ಯು 15 ವಾಟಿನ ಚಿಪ್ಪು. ಆ 15 ವಾಟನ್ನು ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಹಂಚಿಕೊಳ್ಳಬೇಕು. ಶುರುವಿನಲ್ಲಿ ಇನ್ನೂ ತಂಪಾಗಿರುವುದರಿಂದ ಸ್ವಲ್ಪ ಜಾಸ್ತಿಯೇ ಎಳೆದುಕೊಳ್ಳುತ್ತದೆ. ಕಾದ ಮೇಲೆ ಕೈ ಬಿಗಿ ಹಿಡಿಯುತ್ತದೆ. ಇಲ್ಲಿ ತಮಾಷೆ ಏನೆಂದರೆ, ಬಹಳ ಸಲ ಪ್ರೊಸೆಸರ್ ಸುಮ್ನೆ ಬೇಡದ ವೇಗದಲ್ಲಿ ಓಡಿ ಗ್ರಾಫಿಕ್ಸಿನ ಪಾಲನ್ನೂ ತಿಂದುಹಾಕುತ್ತಿರುತ್ತದೆ. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ಗೆ ಹೋಗಿ ‘ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್’ ಅನ್ನು 100ರಿಂದ 99ಕ್ಕೆ ಇಳಿಸಿ ನೋಡಿ. ಒಂದೇ ಅಂಕಿ ಇಳಿಸಿದರೂ ಟರ್ಬೊ (ಮಾಮೂಲಿಗಿಂತ ಹೆಚ್ಚಿನ) ವೇಗ ನಿಲ್ಲುತ್ತದೆ, ಉಳಿದ ವಾಟು ಗ್ರಾಫಿಕ್ಸಿಗೆ ಸಿಗುತ್ತದೆ. ಎಲ್ಲ ಗೇಮಿಗೂ ಇದು ಹೊಂದುವುದಿಲ್ಲ. ಜನ, ವಾಹನ ಕಿಕ್ಕಿರಿದ ಗೇಮಿಗೆ ಪ್ರೊಸೆಸರ್ ಬಲವೂ ಬೇಕು. ಆಡಿ ನೋಡಿ ಇಟ್ಟುಕೊಳ್ಳಿ, ಇಲ್ಲವೇ ಮತ್ತೆ 100 ಮಾಡಿ.

ಜೊತೆಗೆ ಫ್ರೇಮ್ ಮಿತಿ 40ಕ್ಕೋ 30ಕ್ಕೋ ಕಟ್ಟಿಹಾಕಿ. 60ಕ್ಕೆ ಹಾರಿ 25ಕ್ಕೆ ಬೀಳುವ ಆಟಕ್ಕಿಂತ ಒಂದೇ ಸಮ 35 ಬರುವ ಆಟ ಕಣ್ಣಿಗೆ ಹಿತ. ಹಾಸಿಗೆ ಮೇಲೆ ಆಡುತ್ತಿದ್ದರೆ ಬಿಡಿ, ಗಾಳಿ ಎಳೆಯುವ ಕಿಂಡಿ ಕೆಳಗೇ ಇರುವುದು. ಹಿಂದಿನ ಅಂಚಿಗೆ ಎರಡು ಹಳೆ ನೋಟ್‌ಬುಕ್ ಕೊಟ್ಟು ಎತ್ತರಿಸಿದರೂ ವ್ಯತ್ಯಾಸ ಕಾಣುತ್ತದೆ. ಮೂರು ವರ್ಷ ದಾಟಿದ್ದರೆ ಫ್ಯಾನಿನ ದೂಳು ತೆಗೆಸಿ, ಚಿಪ್ಪಿನ ಬಿಸಿ ಹೊರದಾಟಿಸುವ ಥರ್ಮಲ್ ಪೇಸ್ಟ್ ಬದಲಿಸಿ. ಮತ್ತೆ ನಿಮ್ಮ ಕಡೆ ಮಳೆ ಶುರುವಾದರೆ ಕರೆಂಟ್ ಹೋಗುತ್ತದಲ್ವಾ, ಬ್ಯಾಟರಿ ಮೇಲೆ ಓಡುವಾಗ ಲ್ಯಾಪ್‌ಟಾಪ್ ತಾನಾಗಿಯೇ ನಿಧಾನವಾಗುತ್ತದೆ. ಅದಕ್ಕೆ ಮದ್ದಿಲ್ಲ.

ಮಗ ಇಂಜಿನಿಯರಿಂಗ್ ಎರಡನೇ ವರ್ಷ. ಕಳೆದ ವರ್ಷವಷ್ಟೇ ಲ್ಯಾಪ್‌ಟಾಪ್ ಕೊಡಿಸಿದ್ದೇವೆ. ಈಗ ಗೇಮಿಂಗ್ ಲ್ಯಾಪ್‌ಟಾಪ್ ಬೇಕು ಎಂದು ಹಟ. ಅಂಗಡಿಯಲ್ಲಿ ವಿಚಾರಿಸಿದರೆ ಇದಕ್ಕೇ 20 ಸಾವಿರಕ್ಕೆ ಗ್ರಾಫಿಕ್ಸ್ ಕಾರ್ಡ್ ಹಾಕಿಕೊಡುತ್ತೇವೆ ಎನ್ನುತ್ತಾರೆ. ಹಾಕಿಸಲಾ?
*– ಗೃಹಿಣಿ, ತಿಪಟೂರು*

ಬೇಡಮ್ಮ, ಆ ಅಂಗಡಿ ಕಡೆ ತಿರುಗಿಯೂ ನೋಡಬೇಡಿ. ನಿಮ್ಮ ಮಗನ ಲ್ಯಾಪ್‌ಟಾಪಿನಲ್ಲಿ ಗ್ರಾಫಿಕ್ಸ್ ಎಂಬುದು ಪ್ರೊಸೆಸರ್ ಒಳಗೇ ಬೆಸೆದುಕೊಂಡಿದೆ. ಒಳಗಡೆ ಕಾರ್ಡ್ ಕೂರಿಸಲು ಜಾಗವೇ ಇರುವುದಿಲ್ಲ. ಹೊರಗಿನಿಂದ ತಂಡರ್‌ಬೋಲ್ಟ್ ಕೇಬಲ್ಲಿನಲ್ಲಿ ಕಾರ್ಡ್ ಜೋಡಿಸುವ ಪೆಟ್ಟಿಗೆ ಸಿಗುತ್ತದೆ ನಿಜ. ಆದರೆ ಅದಕ್ಕೆ ಆ ಪೋರ್ಟ್ ಇರಬೇಕು, ಪೆಟ್ಟಿಗೆ ಬೇರೆ, ಕಾರ್ಡ್ ಬೇರೆ. ಅಷ್ಟು ದುಡ್ಡಿಗೆ ಒಂದು ಹಳೆ ಡೆಸ್ಕ್‌ಟಾಪೇ ಬಂದೀತು.

ಮಗನನ್ನು ಕೂರಿಸಿಕೊಂಡು ಯಾವ ಗೇಮ್ ಆಡಬೇಕಪ್ಪಾ ಎಂದು ಕೇಳಿ, ಹೆಸರು ಬರೆಸಿಕೊಳ್ಳಿ. ಗೆಳೆಯರ ಜೊತೆ ವ್ಯಾಲೊರಂಟ್ ಆಡಬೇಕು ಎಂದರೆ ಹೊಸ ಲ್ಯಾಪ್‌ಟಾಪ್ ಬೇಕಿಲ್ಲ. ಆ ಗೇಮ್ ಕೇಳುವ ಕನಿಷ್ಠ ಗ್ರಾಫಿಕ್ಸ್ ಇಂಟೆಲ್ ಎಚ್‌ಡಿ 4000. ಅದು 2012ರ ಸರಕು. ವಿಂಡೋಸ್ 11 ಆದರೆ ಲ್ಯಾಪ್‌ಟಾಪ್ ಆನ್ ಆಗುವಾಗಿನ ಸೆಟ್ಟಿಂಗ್ ಪುಟವಾದ ಬಯೋಸ್‌ನಲ್ಲಿ ಟಿಪಿಎಂ ಮತ್ತು ಸೆಕ್ಯೂರ್ ಬೂಟ್ ಎಂಬ ಎರಡು ಭದ್ರತಾ ಆಯ್ಕೆ ಆನ್ ಇರಬೇಕು, ಅಷ್ಟೇ. ಹೇಡಿಸ್, ಹಾಲೊ ನೈಟ್, ಪೋರ್ಟಲ್ 2 ಥರದವು ಸಲೀಸು. ಪಟ್ಟಿಯಲ್ಲಿ ಸೈಬರ್‌ಪಂಕ್, ಎಲ್ಡನ್ ರಿಂಗ್ ಇದ್ದರೆ ಹುಡುಗನ ಹಟದಲ್ಲಿ ಸತ್ಯ ಇದೆ. ಆಗಲೂ ಮೊದಲು ರ‍್ಯಾಮ್ ಸ್ಲಾಟ್ ಖಾಲಿ ಇದೆಯಾ ನೋಡಲು ಹೇಳಿ. ದಾವಣಗೆರೆಯವರಿಗೆ ಮೇಲೆ ಬರೆದದ್ದನ್ನೇ ಓದಿಸಿ. ಕೊಡಿಸುವುದು ಬಿಡುವುದು ಮನೆಯವರ ವಿಚಾರ, ಅದಕ್ಕೆ ನಾನು ತಲೆ ಹಾಕುವುದಿಲ್ಲ.

ನನ್ನ ಲ್ಯಾಪ್‌ಟಾಪಿನಲ್ಲಿ ಡೆಡಿಕೇಟೆಡ್ ವಿಡಿಯೊ ಮೆಮೊರಿ 128 ಎಂಬಿ ಎಂದಿದೆ. ವಿಂಡೋಸ್‌ನ ಒಳ ಸೆಟ್ಟಿಂಗ್ ಪಟ್ಟಿಯಾದ ರಿಜಿಸ್ಟ್ರಿಯಲ್ಲಿ 1024 ಮಾಡಬಹುದು ಎಂದು ಒಂದು ವಿಡಿಯೊದಲ್ಲಿ ನೋಡಿದೆ. ಮಾಡಲೇ?
*– ಓದುಗರು, ಕಲಬುರಗಿ*

ಮಾಡಿದರೆ ಅಂಕಿ ಬದಲಾಗುತ್ತದೆ, ಮೆಮೊರಿ ಅಲ್ಲ. ಗೇಮ್ ಆ ಅಂಕಿ ನೋಡಿ ‘ನಿಮ್ಮಲ್ಲಿ ಮೆಮೊರಿ ಸಾಲದು’ ಎಂದು ಶುರುವಾಗದೇ ನಿಂತಿದ್ದರೆ ಮಾತ್ರ ಆ ಉಪಾಯಕ್ಕೆ ಅರ್ಥ. ವೇಗ ಒಂದು ಚೂರೂ ಹೆಚ್ಚುವುದಿಲ್ಲ. ಇಂಟೆಲ್ ಗ್ರಾಫಿಕ್ಸ್ 128 ಎಂದು ತೋರಿಸಿದರೂ ಬೇಕಾದಾಗ ವಿಂಡೋಸ್ ಸುಮಾರು ಅರ್ಧ ರ‍್ಯಾಮಿನವರೆಗೂ ಕೊಡುತ್ತದೆ. ಎಎಮ್‌ಡಿ ಲ್ಯಾಪ್‌ಟಾಪ್ ಕೆಲವದರಲ್ಲಿ ಬಯೋಸ್‌ನಲ್ಲಿ ಯುಎಂಎ ಫ್ರೇಮ್ ಬಫರ್ ಎಂಬ ಆಯ್ಕೆ ಇರುತ್ತದೆ. ಅಲ್ಲಿ ಹೆಚ್ಚಿಸಿದ್ದು ನಿಜವಾಗಿ ಹೆಚ್ಚುತ್ತದೆ, ಆದರೆ ಅಷ್ಟು ರ‍್ಯಾಮ್ ವಿಂಡೋಸ್‌ಗೆ ಇಲ್ಲವಾಗುತ್ತದೆ. 8 ಜಿಬಿಯಲ್ಲಿ 2 ಅಲ್ಲಿಗೆ ಕೊಟ್ಟು ಕ್ರೋಮ್ ತೆರೆದಿಟ್ಟರೆ ಆಮೇಲೆ ನನಗೇ ಇನ್ನೊಂದು ಪತ್ರ ಬರೆಯುತ್ತೀರಿ.

ಅದೇ ವಿಡಿಯೊ ಕೆಳಗೆ ‘ಲೋ ಎಂಡ್ ಪ್ಯಾಚ್’ ಎಂಬ ಫೈಲಿನ ಟೆಲಿಗ್ರಾಂ ಲಿಂಕ್ ಇದ್ದರೆ ಒತ್ತಬೇಡಿ. ಆ್ಯಂಟಿವೈರಸ್ ಆಫ್ ಮಾಡಿ ಎಂದು ಬೇಡಿಕೊಳ್ಳುವ ಫೈಲು ಗೇಮಿಗಾಗಿ ಬಂದದ್ದಲ್ಲ.

ಐರಿಸ್ ಎಕ್ಸ್‌ಇ, 16 ಜಿಬಿ. ಇಂಡಿಯಾನಾ ಜೋನ್ಸ್ ಆ್ಯಂಡ್ ದ ಗ್ರೇಟ್ ಸರ್ಕಲ್ ಆಫರ್‌ನಲ್ಲಿ ಬಂದರೆ ತಗೊಳ್ಳಬಹುದಾ? ಗೆಳೆಯ ಹೇಳಿದ, ಲಾಸ್‌ಲೆಸ್ ಸ್ಕೇಲಿಂಗ್ ಹಾಕಿದರೆ ಯಾವ ಗೇಮ್ ಬೇಕಾದರೂ ಓಡುತ್ತದಂತೆ.
*– ಓದುಗರು, ಹುಬ್ಬಳ್ಳಿ*

ತಗೊಳ್ಳಬೇಡಿ. 2024ರ ಡಿಸೆಂಬರ್‌ನಲ್ಲಿ ಬಂದ ಆ ಗೇಮಿಗೆ ರೇ ಟ್ರೇಸಿಂಗ್ (ಬೆಳಕಿನ ಕಿರಣ ಹೇಗೆ ಸಾಗುತ್ತದೆಂದು ಲೆಕ್ಕ ಹಾಕಿ ಚಿತ್ರ ಬಿಡಿಸುವುದು) ಮಾಡುವ ಗ್ರಾಫಿಕ್ಸ್ ಇರಲೇಬೇಕು. ನಿಮ್ಮದರಲ್ಲಿ ಇಲ್ಲ. ನಿಧಾನಕ್ಕೆ ಓಡುವ ಪ್ರಶ್ನೆ ಅಲ್ಲ, ಶುರುವೇ ಆಗುವುದಿಲ್ಲ. 2025ರ ಡೂಮ್ ದ ಡಾರ್ಕ್ ಏಜಸ್ ಕೂಡ ಅದೇ ಜಾತಿ.

ನಿಮ್ಮ ಗೆಳೆಯ ಹೇಳಿದ ಆ್ಯಪ್ ಎರಡು ನಿಜವಾದ ಫ್ರೇಮಿನ ನಡುವೆ ತಾನೇ ಒಂದು ಊಹಿಸಿ ತುಂಬುತ್ತದೆ. 50 ಬರುತ್ತಿದ್ದರೆ ಚೆನ್ನಾಗಿ ಕಾಣುತ್ತದೆ. 20 ಬರುವಲ್ಲಿ 40 ಎಂದು ತೋರಿಸಿದರೂ ಮೌಸ್ ತಿರುಗಿಸಿದಾಗ ಕೈಗೆ ಸಿಗುವುದು ಅದೇ 20, ಮೇಲೆ ಇನ್ನಷ್ಟು ತಡ. ಊಹಿಸುವ ಕೆಲಸವೂ ಅದೇ ಬಡ ಗ್ರಾಫಿಕ್ಸಿನ ತಲೆಗೇ ಬೀಳುತ್ತದೆ.

ಬೇರೆ ಯಾವುದಾದರೂ ಗೇಮ್ ಬಗ್ಗೆ ಅನುಮಾನವಿದ್ದರೆ ಕೈಯಲ್ಲಿ ಹಿಡಿದು ಆಡುವ ಪುಟ್ಟ ಗೇಮಿಂಗ್ ಕಂಪ್ಯೂಟರ್ ಆದ ಸ್ಟೀಮ್ ಡೆಕ್‌ನಲ್ಲಿ ಅದು ಹೇಗೆ ಓಡುತ್ತದೆ ಎಂದು ಹುಡುಕಿ. ಅದರಲ್ಲೂ ಇರುವುದು ಒಳಗಿನ ಗ್ರಾಫಿಕ್ಸೇ, ಪರದೆ 1280×800. ಅಲ್ಲೇ ಒದ್ದಾಡುವ ಗೇಮು ನಿಮ್ಮಲ್ಲಿ ಓಡುವುದು ಅನುಮಾನ. ಅಲ್ಲಿ ಚೆನ್ನಾಗಿ ಓಡಿದರೆ ಅವರ ಸೆಟ್ಟಿಂಗಿನಿಂದಲೇ ಶುರು ಮಾಡಿ. ಸ್ಟೀಮ್‌ನಲ್ಲಿ (ಗೇಮ್ ಮಾರುವ ಆನ್‌ಲೈನ್ ಅಂಗಡಿ) ಕೊಂಡು 14 ದಿನದೊಳಗೆ, 2 ಗಂಟೆಗಿಂತ ಕಡಿಮೆ ಆಡಿದ್ದರೆ ಹಣ ವಾಪಸ್ ಸಿಗುತ್ತದೆ. ಆದರೆ ಗೇಮ್ ತೆರೆದಿಟ್ಟು ಸೆಟ್ಟಿಂಗ್ ತಿರುಗಿಸುವ ಹೊತ್ತು, ಮೊದಲ ಸಲ ‘ಶೇಡರ್ ಕಂಪೈಲಿಂಗ್’ ಎಂದು ಕಾಯಿಸುವ ಹೊತ್ತು ಎಲ್ಲವೂ ಆ 2 ಗಂಟೆಯಲ್ಲೇ ಲೆಕ್ಕ. ಊಟಕ್ಕೆ ಎದ್ದರೆ ಗೇಮ್ ಮುಚ್ಚಿ ಏಳಿ.