ಅಡುಗೆಮನೆ ಪ್ರಶ್ನೋತ್ತರ: ಕೇಕಿಗೆ ಗ್ರಾಂ ಲೆಕ್ಕ, ಕೈಯಲ್ಲಿ ಕಪ್

ಪ್ರಶ್ನೆ: ಕೇಕ್ ರೆಸಿಪಿಯಲ್ಲಿ ಮೈದಾ 250 ಗ್ರಾಂ, ಸಕ್ಕರೆ 200, ಬೆಣ್ಣೆ 150, ಕೋಕೋ 30 ಗ್ರಾಂ ಎಂದಿದೆ. ತಕ್ಕಡಿ ಇಲ್ಲ, 240 ಮಿ.ಲೀ. ಕಪ್ ಇದೆ. ಎಷ್ಟೆಷ್ಟು ಹಾಕಲಿ?
– ಓದುಗರು, ಶಿರಸಿ

ಉತ್ತರ: ಮೈದಾ 2 ಕಪ್, ಸಕ್ಕರೆ 1 ಕಪ್, ಕೋಕೋ ಕಪ್ಪಿನ ಮೂರನೇ ಒಂದು ಭಾಗ. ಬೆಣ್ಣೆ ಅಳೆಯುವ ಗೋಜೇ ಬೇಡ, 100 ಗ್ರಾಂ ಪ್ಯಾಕೆಟ್ ಒಂದೂವರೆ ಹಾಕಿ. ಉಪ್ಪು ಬೆರೆತ ಬೆಣ್ಣೆಯಾದರೆ ಬೇರೆ ಉಪ್ಪು ಬೇಕಿಲ್ಲ.

ಕಪ್ ಒಂದೇ ಆದರೂ ತೂಕ ಪದಾರ್ಥಕ್ಕೊಂದು. ಸುಮಾರಾಗಿ ಮೈದಾ 125 ಗ್ರಾಂ, ಹರಳು ಸಕ್ಕರೆ 200, ಪುಡಿ ಸಕ್ಕರೆ 120, ಎಣ್ಣೆ 220, ಹಾಲು ಮತ್ತು ಮೊಸರು 245, ಕೋಕೋ 85. ಹೆಚ್ಚಿನವರು ಎಡವುವುದು ಸಕ್ಕರೆಯಲ್ಲಿ. ಹರಳು ಸಕ್ಕರೆ ಹೇಳಿದ ಕಡೆ ಪುಡಿಯನ್ನು ಕಪ್ಪಿನಲ್ಲಿ ಅಳೆದು ಹಾಕಿದರೆ 80 ಗ್ರಾಂ ಕಡಿಮೆ ಬೀಳುತ್ತದೆ; ಸಿಹಿಯಷ್ಟೇ ಅಲ್ಲ, ಕೇಕಿನ ಮೃದುತ್ವವೂ ಹೋಗುತ್ತದೆ. ಮಿಕ್ಸಿಗೆ ಹಾಕುವ ಮೊದಲೇ ಅಳೆಯಿರಿ, ಪುಡಿಯಾದದ್ದನ್ನು ಪೂರ್ತಿ ಬಳಸಿ.

ಪ್ರಶ್ನೆ: ಅದೇ ಕಪ್, ಅದೇ ಮೈದಾ. ಆದರೂ ಕೇಕ್ ಒಮ್ಮೆ ಮೆತ್ತಗೆ, ಇನ್ನೊಮ್ಮೆ ಬಿರುಕು ಬಿಟ್ಟು ಒಣಒಣ. ಯಾಕೆ?
– ಓದುಗರು, ತುಮಕೂರು

ಉತ್ತರ: ಕಪ್ ತುಂಬುವ ರೀತಿ ನೋಡಿಕೊಳ್ಳಿ. ಪಾವಿನಲ್ಲಿ ಅಕ್ಕಿ ಅಳೆದರೆ ಅಷ್ಟಾಗಿ ಏರುಪೇರಾಗದು, ಕಾಳು ಒತ್ತಿದರೆ ಕುಗ್ಗುವುದಿಲ್ಲ. ಮೈದಾ ಕುಗ್ಗುತ್ತದೆ. ಡಬ್ಬಿಯೊಳಗೇ ಕಪ್ ಅದ್ದಿ ಎತ್ತಿದರೆ 125ರ ಜಾಗದಲ್ಲಿ 140–150 ಗ್ರಾಂ ಬರುತ್ತದೆ, ಕಟ್ಟೆಗೆ ಕುಟ್ಟಿದರೆ ಇನ್ನೂ ಹೆಚ್ಚು. ಎರಡು ಕಪ್ಪಿಗೆ 50 ಗ್ರಾಂ ಹೆಚ್ಚಾಯಿತೆಂದರೆ, ಹಾಲು-ಮೊಟ್ಟೆ ಅಷ್ಟೇ ಇರುವಾಗ ಹಿಟ್ಟು ಗಟ್ಟಿಯಾಗದೆ ಇರುತ್ತದೆಯೇ?

ಡಬ್ಬಿಯಲ್ಲಿರುವ ಮೈದಾವನ್ನು ಮೊದಲು ಚಮಚದಿಂದ ಕೆದಕಿ ಸಡಿಲ ಮಾಡಿ. ಚಮಚದಿಂದಲೇ ಕಪ್ಪಿಗೆ ಉದುರಿಸುತ್ತಾ ಬನ್ನಿ, ಅಂಚು ಮೀರಿ ತುಂಬಿದ ಮೇಲೆ ಚಾಕುವಿನ ಬೆನ್ನಿನಿಂದ ಸವರಿಬಿಡಿ. ತಟ್ಟಬೇಡಿ, ಅಲ್ಲಾಡಿಸಬೇಡಿ. ಜರಡಿ ಹಿಡಿಯುವುದು ಅಳೆದ ಮೇಲೆ. ಹಿಡಿದು ಅಳೆದರೆ ಕಪ್ಪಿಗೆ 110 ಗ್ರಾಂ ಆಸುಪಾಸಿಗೆ ಇಳಿಯುತ್ತದೆ.

ಪ್ರಶ್ನೆ: ಡಿಜಿಟಲ್ ತಕ್ಕಡಿಯಲ್ಲಿ 3 ಗ್ರಾಂ ಅಡುಗೆ ಸೋಡಾ ತೂಗಿಯೇ ಹಾಕಿದೆ, ಕೇಕಿಗೆ ಸಾಬೂನಿನ ಒಗರು ಬಂತು.
– ಓದುಗರು, ಮಂಗಳೂರು

ಉತ್ತರ: ಮೈದಾಕ್ಕೆ ತಕ್ಕಡಿಯೇ ಮೇಲು, ಸೋಡಾಕ್ಕೆ ಚಮಚವೇ ಮೇಲು. ಮನೆಯ ತಕ್ಕಡಿ ಸಾಮಾನ್ಯವಾಗಿ ಒಂದೊಂದೇ ಗ್ರಾಂ ತೋರಿಸುತ್ತದೆ, ಚಿಟಿಕೆ ಚಿಟಿಕೆಯಾಗಿ ಉದುರಿಸಿದರೆ ಅಂಕಿ ಬೇಗ ಏಳುವುದೂ ಇಲ್ಲ. 3 ಎಂದು ತೋರುವಷ್ಟರಲ್ಲಿ 4 ಬಿದ್ದಿರಬಹುದು. 5 ಮಿ.ಲೀ. ಅಳತೆ ಚಮಚದಲ್ಲಿ ತಲೆ ಸವರಿದ ಅರ್ಧ ಚಮಚ ಸೋಡಾ ಹತ್ತಿರ ಹತ್ತಿರ 3 ಗ್ರಾಂ. ಬೇಕಿಂಗ್ ಪೌಡರ್ ಒಂದು ಚಮಚಕ್ಕೆ 4ರಿಂದ 5 ಗ್ರಾಂ, ಇನ್‌ಸ್ಟಂಟ್ ಯೀಸ್ಟ್ 3 ಗ್ರಾಂ. ಕಾಫಿ ಕಲಕುವ ಚಮಚ ಇದಕ್ಕಾಗದು. ಇನ್ನು, ಮೊಸರೋ ನಿಂಬೆರಸವೋ ಇಲ್ಲದ ಹಿಟ್ಟಿನಲ್ಲಿ ಸೋಡಾ ಅಳತೆ ಸರಿಯಿದ್ದರೂ ಒಗರು ಉಳಿಯುತ್ತದೆ.

ಪ್ರಶ್ನೆ: ಅಮೆರಿಕದ ಕಪ್ಪೂ ನಮ್ಮ ಅಂಗಡಿಯ ಕಪ್ಪೂ ಒಂದೇನಾ? 400 ಗ್ರಾಂ ಕಂಡೆನ್ಸ್‌ಡ್ ಮಿಲ್ಕ್ ಡಬ್ಬಿ ಎಷ್ಟು ಕಪ್?
– ಓದುಗರು, ಧಾರವಾಡ

ಉತ್ತರ: ಅಮೆರಿಕದ್ದು ಸುಮಾರು 240 ಮಿ.ಲೀ., ಇಲ್ಲಿ ಸಿಗುವ ಸೆಟ್‌ಗಳಲ್ಲಿ 240 ಮತ್ತು 250 ಎರಡೂ ಇವೆ. ಇಡೀ ರೆಸಿಪಿಗೆ ಒಂದೇ ಸೆಟ್ ಬಳಸಿದರೆ ತೊಂದರೆಯಿಲ್ಲ. ಆಸ್ಟ್ರೇಲಿಯಾದ ರೆಸಿಪಿಯಾದರೆ ಜೋಪಾನ, ಅವರ ದೊಡ್ಡ ಚಮಚ 20 ಮಿ.ಲೀ., ಉಳಿದ ಹೆಚ್ಚಿನ ಕಡೆ 15. ಕಂಡೆನ್ಸ್‌ಡ್ ಮಿಲ್ಕ್ ಹಾಲಿಗಿಂತ ಭಾರ, ಕಪ್ಪಿಗೆ 300 ಗ್ರಾಂ ದಾಟುತ್ತದೆ. ಹಾಗಾಗಿ ಡಬ್ಬಿಯಲ್ಲಿರುವುದು ಒಂದೂಕಾಲು ಕಪ್ಪಿಗಿಂತ ತುಸು ಹೆಚ್ಚು ಅಷ್ಟೇ.