ತಂದನು, ತಿಂದನು

ಪ್ರಶ್ನೆ: ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡುತ್ತೇನೆ. ‘ಉತ್ಪರಿವರ್ತನೆ’ (ಜೀನ್‌ನಲ್ಲಿ ಆಗುವ ಬದಲಾವಣೆ, ಮ್ಯುಟೇಶನ್) ಅಂದ ಕೂಡಲೇ ಮಕ್ಕಳಿಗೆ ಸಿನಿಮಾದ ವಿಚಿತ್ರ ಪ್ರಾಣಿಗಳು ನೆನಪಾಗುತ್ತವೆ. ಕುಡುಗೋಲು ಕಣ ರಕ್ತಹೀನತೆಯ (ಸಿಕಲ್ ಸೆಲ್ ಅನೀಮಿಯಾ) ಉದಾಹರಣೆ ಕೊಡಲೇಬೇಕು. ಆದರೆ ತರಗತಿಯಲ್ಲಿ ಈ ರೋಗ ಕಾಣಿಸುವ ಕಾಡಂಚಿನ ಆದಿವಾಸಿ ಹಾಡಿಗಳ ಮಕ್ಕಳೂ ಇದ್ದಾರೆ. ಅವರಿಗೆ ನೋವಾಗದಂತೆ ಹೇಗೆ ಹೇಳಲಿ?
– ಒಬ್ಬ ಉಪನ್ಯಾಸಕಿ, ಮೈಸೂರು ಜಿಲ್ಲೆ

ಉತ್ತರ: ಮೊದಲ ದಿನ ರೋಗದ ಮಾತೇ ಬೇಡ. ಬೋರ್ಡಿನ ಮೇಲೆ ಹೀಗೆ ಬರೆಯಿರಿ: ಬಸವ ಹಸಿರು ಸೊಪ್ಪನು ತಂದನು. ಎಲ್ಲವೂ ಮೂರಕ್ಷರದ ಪದ. ಜೀವಕೋಶ ಕೂಡ ಜೀನ್ ಅನ್ನು ಮೂರು ಮೂರು ಅಕ್ಷರವಾಗಿಯೇ ಓದುತ್ತದೆ. ಈಗ ‘ಸೊಪ್ಪನು’ ಅನ್ನೋದನ್ನು ‘ಸೊಪ್ಪನ್ನು’ ಮಾಡಿ. ಅಕ್ಷರ ಬದಲಾಯಿತು, ಅರ್ಥ ಅದೇ. ಆಮೇಲೆ ‘ತಂದನು’ ಅಳಿಸಿ ‘ತಿಂದನು’ ಬರೆಯಿರಿ. ಮಕ್ಕಳು ನಗುತ್ತಾರೆ, ನಗಲಿ. ಕೊನೆಗೆ ಬಸವನ ‘ಸ’ ಕಿತ್ತು ಮತ್ತೆ ಮೂರು ಮೂರಾಗಿ ಓದಿಸಿ: ಬವಹ ಸಿರುಸೊ ಪ್ಪನುತಂ ದನು. ಒಂದಕ್ಷರ ಬಿಟ್ಟುಹೋದರೆ ಮುಂದಿನದೆಲ್ಲ ಕೆಡುತ್ತದೆ ಅಂತ ಅವರೇ ಹೇಳುತ್ತಾರೆ.

ಮರುದಿನ ರಕ್ತದಲ್ಲಿ ಆಮ್ಲಜನಕ ಹೊರುವ ಪ್ರೋಟೀನ್ ಆದ ಹಿಮೋಗ್ಲೋಬಿನ್‌ಗೆ ಬನ್ನಿ. ಅದರ ಬೀಟಾ ಸರಪಳಿಯಲ್ಲಿ 146 ಅಮೈನೋ ಆಮ್ಲಗಳು ಮಣಿಗಳಂತೆ ಪೋಣಿಸಿಕೊಂಡಿವೆ. ಜೀನ್‌ನಲ್ಲಿ ಜಿಎಜಿ ಅನ್ನುವ ಮೂರಕ್ಷರ ಜಿಟಿಜಿ ಆದಾಗ ಆರನೆಯದು ಮಾತ್ರ ಬದಲಾಗುತ್ತದೆ, ಗ್ಲುಟಾಮಿಕ್ ಆಮ್ಲದ ಜಾಗಕ್ಕೆ ವ್ಯಾಲಿನ್ ಬರುತ್ತದೆ. 1957ರಲ್ಲಿ ವಿಜ್ಞಾನಿ ವರ್ನನ್ ಇನ್‌ಗ್ರಾಮ್ ತೋರಿಸಿಕೊಟ್ಟದ್ದು ಈ ಅಮೈನೋ ಆಮ್ಲದ ಬದಲಾವಣೆಯನ್ನೇ. ತಂದನು ತಿಂದನು ಆದಂತೆ, ಅಲ್ವಾ? ಆಮ್ಲಜನಕ ಕಮ್ಮಿಯಾದಾಗ ಈ ಹಿಮೋಗ್ಲೋಬಿನ್ ಒಂದಕ್ಕೊಂದು ಅಂಟಿ ಉದ್ದ ನಾರಾಗುತ್ತದೆ, ಕೆಂಪು ಕಣ ಬಾಗುತ್ತದೆ. ಸುಮಾರು 120 ದಿನ ಬದುಕಬೇಕಾದ ಕಣ 10–20 ದಿನಕ್ಕೇ ಸಾಯುತ್ತದೆ.

ಅಲ್ಲಿಗೆ ನಿಲ್ಲಿಸಬೇಡಿ. ಅಪ್ಪ ಅಮ್ಮ ಇಬ್ಬರಲ್ಲಿ ಒಬ್ಬರಿಂದ ಮಾತ್ರ ಈ ಜೀನ್ ಬಂದವರು ಸಾಮಾನ್ಯವಾಗಿ ಆರೋಗ್ಯವಾಗಿಯೇ ಇರುತ್ತಾರೆ. ಜೊತೆಗೆ ಮಲೇರಿಯಾದ ಕೆಟ್ಟ ರೂಪದಿಂದ ಅವರಿಗೆ ರಕ್ಷಣೆ ಜಾಸ್ತಿ. ‘ಮಲೇರಿಯಾ ಬಂದದ್ದಕ್ಕೆ ಉತ್ಪರಿವರ್ತನೆ ಆಯಿತು’ ಅಂತ ಮಕ್ಕಳು ಉತ್ತರ ಬರೆಯುತ್ತಾರೆ. ಇದನ್ನು ದಯವಿಟ್ಟು ತಿದ್ದಿ. ಅಕ್ಷರ ತಪ್ಪಿದ್ದು ತಾನಾಗಿ. ಮಲೇರಿಯಾ ಇದ್ದ ಊರುಗಳಲ್ಲಿ ಆ ತಪ್ಪು ಉಳಿದುಕೊಂಡಿತು, ಅಷ್ಟೇ.

ಇನ್ನು ನೀವು ಕೇಳಿದ ನೋವಿನ ಮಾತು. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ಪ್ರತಿ ಹುಡುಗನಿಗೂ ಮನೆಯವರ ವಂಶವೃಕ್ಷ ಬರೆದು, ಯಾರಿಗೆ ಯಾವ ಕಾಯಿಲೆ ಅಂತ ಗುರುತು ಹಾಕಿ ತರಲು ಹೇಳಿದ್ದೆ. ಒಬ್ಬ ಹುಡುಗ ಖಾಲಿ ಹಾಳೆ ಕೊಟ್ಟ. ಎಲ್ಲರೆದುರು ಗದರಿದೆ. ಅವನ ತಂಗಿ ಇದೇ ರೋಗದಿಂದ ತೀರಿಕೊಂಡಿದ್ದಳು ಅಂತ ಗೊತ್ತಾಗುವ ಹೊತ್ತಿಗೆ ಅವನು ತರಗತಿಗೆ ಬರೋದನ್ನೇ ಬಿಟ್ಟಿದ್ದ. ಅವನ ಮನೆಗೆ ಹೋಗಿ ಕ್ಷಮೆ ಕೇಳಿದೆ. ಆಮೇಲೆ ಯಾವ ಮಗುವಿನ ಮನೆಯನ್ನೂ ಪಾಠಕ್ಕೆ ಎಳೆದು ತರಲಿಲ್ಲ.

ಆದ್ದರಿಂದ ಈ ರೋಗ ಎಲ್ಲೆಲ್ಲಿದೆ ಅಂತ ನಕ್ಷೆ ಬಿಡಿಸುವಾಗ ಆಫ್ರಿಕಾ, ಗ್ರೀಸ್, ಅರಬ್ ನಾಡಿನಿಂದ ಶುರು ಮಾಡಿ. ನಮ್ಮ ಪಕ್ಕದ ನೀಲಗಿರಿಯಲ್ಲಿ 1952ರಲ್ಲಿ ಇದು ಪತ್ತೆಯಾದದ್ದು ಆಮೇಲೆ ಬರಲಿ. ‘ಇಂಥ ಜನಾಂಗದ ರೋಗ’ ಅನ್ನುವ ಮಾತು ಬೇಡವೇ ಬೇಡ. 2023ರಲ್ಲಿ ಕೇಂದ್ರ ಸರ್ಕಾರ ಇದರ ನಿರ್ಮೂಲನೆಗೆ ಅಭಿಯಾನ ಶುರು ಮಾಡಿದೆ, ರಕ್ತ ಪರೀಕ್ಷೆ ಅದರ ಭಾಗ ಅಂತ ಇಡೀ ತರಗತಿಗೆ ಹೇಳಿ. ಒಬ್ಬರ ಮುಖ ನೋಡಿ ಹೇಳಬೇಡಿ.

ವಂಶವೃಕ್ಷದ ಬದಲು ನಾಣ್ಯ ಕೊಡಿ. ಇಬ್ಬರಿಗೆ ಒಂದೊಂದು. ಒಬ್ಬರು ತಾಯಿ, ಒಬ್ಬರು ತಂದೆ, ಇಬ್ಬರಲ್ಲೂ ಈ ಜೀನ್ ಒಂದೊಂದು ಇದೆ ಅಂತ ಇಟ್ಟುಕೊಳ್ಳಲಿ. ತಲೆ ಬಿದ್ದರೆ ಈ ಜೀನ್ ಮಗುವಿಗೆ ಬಂತು ಅಂತ ಲೆಕ್ಕ. ಎರಡೂ ನಾಣ್ಯ ತಲೆ ಬಿದ್ದರೆ ಮಗುವಿಗೆ ರೋಗ, ಅಂದರೆ ನಾಲ್ಕರಲ್ಲಿ ಒಂದು ಸಾಧ್ಯತೆ. ನಾಲ್ಕು ಸಲ ಚಿಮ್ಮಿಸಿ ಬೋರ್ಡಿನ ಮೇಲೆ ಬರೆಯಲಿ. ಒಂದು ಜೋಡಿಗೆ ಒಂದೂ ಬರದೇ ಇರಬಹುದು, ಇನ್ನೊಂದಕ್ಕೆ ಎರಡು ಬರಬಹುದು. ‘ನಾಲ್ಕರಲ್ಲಿ ಒಂದು ಅಂದ್ರಲ್ಲ ಮೇಡಂ, ಹಾಗಾದ್ರೆ ಇದೇನು?’ ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಅವತ್ತಿನ ಉಳಿದ ಪಾಠವನ್ನು ಆ ಪ್ರಶ್ನೆಗೇ ಬಿಟ್ಟುಕೊಡಿ.