ಲಡಾಖ್ ಬೈಕ್‌ನಲ್ಲಿ ಮಾಡಿದೀನಿ, ಉತ್ತರ ಧ್ರುವದ ಕಡೆ ಇರೋ ನಾರ್ವೆಯ ಸ್ವಾಲ್‌ಬಾರ್ಡ್ ದ್ವೀಪಗಳಲ್ಲಿ ಸ್ನೋಮೊಬೈಲ್ (ಹಿಮದ ಮೇಲೆ ಓಡೋ ಗಾಡಿ) ಒಬ್ನೇ ಓಡಿಸ್ಬೋದಾ?

ಒಬ್ರೇ ಬೇಡ ಸರ್. ಗೈಡ್ ಜೊತೆ ಆದ್ರೆ ಧಾರಾಳವಾಗಿ ಹೋಗಿ, ಕಾರ್ ಲೈಸೆನ್ಸ್ ಇದ್ರೆ ಗಾಡಿ ಕೊಡ್ತಾರೆ. ನಾನು ಉತ್ತರ ನಾರ್ವೆಯ ಟ್ರೊಮ್ಸೊದಲ್ಲಿ ಓದ್ತಿದ್ದಾಗ ಒಂದು ಏಪ್ರಿಲ್‌ನಲ್ಲಿ ಸ್ವಾಲ್‌ಬಾರ್ಡ್‌ನ ಮುಖ್ಯ ಊರು ಲಾಂಗ್‌ಇಯರ್‌ಬೈನ್‌ನಿಂದ ಆಡ್ವೆಂಟ್‌ಡಾಲೆನ್, ಸಾಸೆನ್‌ಡಾಲೆನ್ ಕಣಿವೆ ಹಾದು ಪೂರ್ವದ ಕಡಲ ತೀರಕ್ಕೆ ಹೋಗ್ಬಂದಿದೀನಿ, ಒಂದೇ ದಿನ, ಹೋಗೋದು ಬರೋದು ಸೇರಿ ಹತ್ರ ಹತ್ರ 200 ಕಿ.ಮೀ.

ಲಡಾಖ್‌ನ ಖರ್ದೂಂಗ್ ಲಾ ಕಣಿವೆದಾರಿ ಹತ್ತಿದೀನಿ ಇದೇನ್ ಮಹಾ ಅನ್ನೋ ಜಂಬ ನನಗೂ ಇತ್ತು, ಆ ಜಂಬನೇ ಮೊದಲ ಅರ್ಧ ಗಂಟೇಲಿ ಕೈ ಕೊಟ್ಟಿದ್ದು. ಬಲಗೈ ಮುಷ್ಟಿ ತಿರುಗ್ಸಿದ್ರೆ ಇದು ಓಡಲ್ಲ, ಆಕ್ಸಿಲರೇಟರ್ ಅಂದ್ರೆ ಹೆಬ್ಬೆರಳಲ್ಲಿ ಒತ್ತೋ ಲಿವರ್. ಬೈಕಲ್ಲಿ ಕ್ಲಚ್ ಇರೋ ಜಾಗದಲ್ಲಿ ಬ್ರೇಕ್. ಒಂದು ಇಳಿಜಾರಲ್ಲಿ ಗಾಬರಿಯಾಗಿ ಅಭ್ಯಾಸಬಲದಿಂದ ಎಡಗೈ ಗಟ್ಟಿಯಾಗಿ ಹಿಡಿದೆ ನೋಡಿ, ಗಾಡಿ ಗಕ್ಕಂತ ನಿಂತ್ಹೋಯ್ತು, ಹಿಂದೆ ಬರ್ತಿದ್ದವರು ಪಕ್ಕಕ್ಕೆ ಎಳ್ಕೊಂಡಿಲ್ಲಾಂದ್ರೆ ನನ್ನ ಮೇಲೇ ಹತ್ತಿರೋರು. ಇನ್ನೊಂದು, ಗಾಡಿ ವಾಲ್ತು ಅಂತ ಬೈಕ್ ಥರ ಕಾಲು ಊರೋಕೆ ಹೋಗ್ಬೇಡಿ. ಇನ್ನೂರು ಮುನ್ನೂರು ಕೆ.ಜಿ. ಗಾಡಿ, ಕಾಲು ಅದರಡಿಗೆ ಸಿಕ್ರೆ ಮುಗೀತು. ಅಡ್ಡ ಇಳಿಜಾರಲ್ಲಿ ಎದ್ದು ನಿಂತು ಗುಡ್ಡದ ಕಡೆಗೇ ಮೈಭಾರ ಹಾಕ್ಬೇಕು, ಇದು ಕಲಿಯೋಕೇ ನನಗೆ ಮಧ್ಯಾಹ್ನ ಆಯ್ತು.

ಚಳಿ ಬಗ್ಗೆ ಎಲ್ರೂ ಹೇಳ್ತಾರೆ. ಮೈನಸ್ 20ರಲ್ಲಿ ಗಂಟೆಗೆ 40 ಕಿ.ಮೀ. ವೇಗದಲ್ಲಿ ಹೋದ್ರೆ ಮುಖಕ್ಕೆ ಅದು ಮೈನಸ್ 34ರ ಥರ ಬಡಿಯತ್ತೆ. ಹ್ಯಾಂಡಲ್‌ಗೆ, ಹೆಬ್ಬೆರಳ ಲಿವರ್‌ಗೆ ಹೀಟರ್ ಇರತ್ತೆ, ಹಾಗಾಗಿ ಓಡಿಸ್ತಿರೋವಾಗ ಕೈ ಪರವಾಗಿಲ್ಲ, ಫೋಟೋಗೆ ಅಂತ ನಿಂತು ಗ್ಲೌಸ್ ತೆಗೀತೀರಲ್ಲ ಅವಾಗಲೇ ಎಡವಟ್ಟು. ಫೋನು ಎರಡು ನಿಮಿಷಕ್ಕೆ ಸ್ವಿಚ್ ಆಫ್. ನಿಂತಾಗೆಲ್ಲ ಒಬ್ಬರ ಮುಖ ಒಬ್ಬರು ನೋಡಿ ಕೆನ್ನೆ ಮೇಲೆ ಬಿಳಿ ಮಚ್ಚೆ (ಚರ್ಮ ಹೆಪ್ಪುಗಟ್ತಿರೋ ಗುರುತು) ಇದ್ಯಾ ಅಂತ ಹೇಳ್ಬೇಕು, ನಿಮಗೆ ನಿಮ್ಮದು ಗೊತ್ತಾಗಲ್ಲ, ಒಬ್ರೇ ಹೋದ್ರೆ ಯಾರು ನೋಡ್ತಾರೆ ಹೇಳಿ?

ನನಗೆ ಆಶ್ಚರ್ಯ ಆಗಿದ್ದು ಎಂಜಿನ್. ಆ ಚಳಿಯಲ್ಲೂ ಕಾದು ಕೆಂಡ ಆಗತ್ತೆ! ಬೈಕಿಗಿರೋ ಹಾಗೆ ಮುಂದೆ ಗಾಳಿ ಹೊಡೆಯೋ ರೇಡಿಯೇಟರ್ ಅಲ್ಲ, ಚಕ್ರದ ಬದಲು ಗಾಡಿ ಅಡಿ ತಿರುಗೋ ಅಗಲವಾದ ಟ್ರ್ಯಾಕ್ ಎರಚೋ ಹಿಮ ಸೀಟಿನ ಕೆಳಗಿರೋ, ಕೂಲಂಟ್ ದ್ರವ ಹರಿಯೋ ಪಟ್ಟಿಗಳಿಗೆ ತಾಗಿ ಅದರಿಂದ ಎಂಜಿನ್ ತಣ್ಣಗಾಗ್ಬೇಕು. ಗಾಳಿ ಹಿಮಾನೆಲ್ಲ ಗುಡಿಸಿಕೊಂಡು ಹೋಗಿ ಬರೀ ಗಟ್ಟಿ ಐಸ್ ಉಳಿದಿರೋ ಕಡೆ ಎರಚೋಕೆ ಏನೂ ಇರಲ್ಲ, ಟೆಂಪರೇಚರ್ ಲೈಟ್ ಹತ್ಕೊಳತ್ತೆ. ನಮ್ಮ ಗೈಡ್ ಆಗ ಪಕ್ಕದ ಮೆತ್ತಗಿನ ಹಿಮಕ್ಕೆ ಗಾಡಿ ಇಳಿಸಿ ಎರಡು ಸುತ್ತು ಹೊಡಿತಿದ್ರು, ಎಮ್ಮೆ ಕೆರೆಗೆ ಇಳಿದ ಹಾಗೆ.

ಮೋಡ ಕವಿದ್ರೆ ಇನ್ನೂ ಕಷ್ಟ. ನೆಲ ಬಿಳಿ ಆಕಾಶ ಬಿಳಿ, ನೆರಳೇ ಇಲ್ಲ, ಎದುರಿಗೆ ಗುಂಡಿ ಇದ್ಯಾ ದಿಬ್ಬ ಇದ್ಯಾ ಕಾಣಲ್ಲ, ಮುಂದಿನ ಗಾಡಿಯ ಕೆಂಪು ಲೈಟ್ ಒಂದೇ ದಿಕ್ಕು. ಊರು ಬಿಟ್ಟು ಸ್ವಲ್ಪ ಹೋದ್ರೆ ಮೊಬೈಲ್ ಸಿಗ್ನಲ್ ಇರಲ್ಲ, ಪೆಟ್ರೋಲ್ ಬಂಕೂ ಇಲ್ಲ, ಕ್ಯಾನ್‌ಗಳು, ಎಂಜಿನ್ ಶಕ್ತಿ ಟ್ರ್ಯಾಕ್‌ಗೆ ಸಾಗಿಸೋ ಡ್ರೈವ್ ಬೆಲ್ಟ್‌ನ ಸ್ಪೇರು, ಸ್ಯಾಟಲೈಟ್ ಫೋನ್ ಎಲ್ಲ ಹಿಂದೆ ಎಳ್ಕೊಂಡು ಹೋಗೋ ಸ್ಲೆಡ್‌ನಲ್ಲೇ.

ಹಿಮಕರಡಿಗೆ ಅಂತ ಗೈಡ್ ಹತ್ರ ರೈಫಲ್ಲೂ, ಬೆಳಕು ಸದ್ದು ಮಾಡಿ ಹೆದರ್ಸೋ ಫ್ಲೇರ್ ಗನ್ನೂ ಇರತ್ತೆ, ನೀವು ಬಂದೂಕು ಬಾಡಿಗೆಗೆ ತಗೋಬೇಕಂದ್ರೆ ಗವರ್ನರ್ ಆಫೀಸಿಂದ ಪರ್ಮಿಷನ್ ಬೇಕು. 2025ರಿಂದ ಕರಡಿಯಿಂದ 300 ಮೀಟರ್ ದೂರ ಇರ್ಬೇಕು, ಮಾರ್ಚ್ 1ರಿಂದ ಜೂನ್ 30ರ ತನಕ 500. ನಮಗೆ ಕಂಡಿದ್ದು ಹೆಜ್ಜೆ ಗುರುತು ಮಾತ್ರ, ಊಟದ ತಟ್ಟೆಯಷ್ಟಗಲ, ಅಷ್ಟೇ ಸಾಕಾಯ್ತು.

ವೀಸಾ ವಿಷಯ ನೀವು ಕೇಳಿಲ್ಲ, ಆದ್ರೂ ಹೇಳ್ಬಿಡ್ತೀನಿ. ಸ್ವಾಲ್‌ಬಾರ್ಡ್‌ಗೆ ವೀಸಾನೇ ಬೇಡ, ಆದ್ರೆ ಅದು ಷೆಂಗೆನ್ (ಒಂದೇ ವೀಸಾದಲ್ಲಿ ಓಡಾಡೋ ಯೂರೋಪಿನ ದೇಶಗಳ ಗುಂಪು) ಹೊರಗಿದೆ, ವಿಮಾನ ಓಸ್ಲೋ ಅಥವಾ ಟ್ರೊಮ್ಸೊ ಮೇಲೇ ಹೋಗೋದು. ಇಂಡಿಯನ್ ಪಾಸ್‌ಪೋರ್ಟ್ ಆದ್ರೆ ಡಬಲ್ ಎಂಟ್ರಿ ಷೆಂಗೆನ್ ವೀಸಾನೇ ತಗೊಳ್ಳಿ, ಸ್ವಾಲ್‌ಬಾರ್ಡ್‌ಗೆ ಹೋದ್ರೆ ಷೆಂಗೆನ್ ಬಿಟ್ಟು ಹೊರಗೆ ಹೋದ ಹಾಗೆ ಲೆಕ್ಕ, ಸಿಂಗಲ್ ತಗೊಂಡ್ರೆ ವಾಪಸ್ ಬರೋವಾಗ ಸಿಕ್ಕಾಕೊಳ್ತೀರ.